‘ಫ್ರೀ ಫ್ಲಾಪ್’ಗೆ ಕನ್ನಡದಲ್ಲಿ ಏನನ್ನೋಣ? ‘ಕಸಿ’ ಸಾಕಾಗುತ್ತಾ?

ಎಲ್ಲರಿಗೂ ನಮಸ್ಕಾರ. ರೋಗಿಗಳ ಮನೆಯವರಿಗೆ ಕೊಡುವ ಒಂದು ತಿಳಿವಳಿಕೆ ಪತ್ರವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಪ್ಲಾಸ್ಟಿಕ್ ಸರ್ಜರಿಯವರು ‘ಫ್ರೀ ಫ್ಲಾಪ್’ ಅನ್ನುತ್ತಾರಲ್ಲ, ಆ ಆಪರೇಷನ್ ಬಗ್ಗೆ. ಹೆಸರಿನ ಎರಡೂ ಪದ ಕೈ ಕೊಡುತ್ತಿವೆ. ‘ಫ್ರೀ’ ಅಂದರೆ ಪುಕ್ಕಟೆ, ‘ಫ್ಲಾಪ್’ ಅಂದರೆ ಓಡದ ಸಿನಿಮಾ. ಆಪರೇಷನ್ನಿನ ಹಿಂದಿನ ದಿನ ‘ನಾಳೆ ಫ್ಲಾಪ್ ಮಾಡ್ತೀವಿ’ ಅಂತ ಕೇಳಿಸಿಕೊಂಡವರ ಗತಿ ಏನು ಹೇಳಿ.

ಮೊದಲು ಕೆಲಸ ಏನು ಅಂತ ಹೇಳಿಬಿಡುತ್ತೇನೆ. ಅಪಘಾತದಲ್ಲಿ ಕಾಲಿನ ಚರ್ಮ, ಮಾಂಸ ಎಲ್ಲ ಕಿತ್ತುಹೋಗಿ ಮೂಳೆ ಹೊರಗೆ ಕಾಣುತ್ತಿದೆ. ಇಲ್ಲವೇ ಬಾಯಿ ಕ್ಯಾನ್ಸರ್‌ಗಾಗಿ ದವಡೆಯ ಒಂದು ಭಾಗ ತೆಗೆದಿದ್ದಾರೆ. ಆಗ ರೋಗಿಯ ತೊಡೆಯಿಂದಲೋ ಬೆನ್ನಿಂದಲೋ ಮುಂಗೈಯಿಂದಲೋ ಒಂದು ತುಂಡನ್ನು, ಅದಕ್ಕೆ ರಕ್ತ ತರುವ ಮತ್ತು ಅದರಿಂದ ರಕ್ತ ಒಯ್ಯುವ ನಾಳಗಳ ಸಮೇತ ಪೂರ್ತಿ ಬಿಡಿಸಿ ತಂದು, ಗಾಯದ ಜಾಗದಲ್ಲಿ ಕೂರಿಸಿ, ಅಲ್ಲಿನ ನಾಳಗಳಿಗೆ ಮೈಕ್ರೋಸ್ಕೋಪ್ ಕೆಳಗೆ ಹೊಲಿಯುತ್ತಾರೆ. ನಾಳದ ಅಗಲ ಹೆಚ್ಚಿನಂಶ 1ರಿಂದ 3 ಮಿಲಿಮೀಟರ್. ಹೊಲಿಯುವ ನೈಲಾನ್ ದಾರ ಕೂದಲಿಗಿಂತ ತೆಳು. ನಾಳಕ್ಕೆ ಹಾಕಿದ ಕ್ಲಿಪ್ ಬಿಟ್ಟ ಮೇಲೆ ಬಿಳಿಚಿಕೊಂಡಿದ್ದ ತುಂಡು ಕೆಂಪೇರಿತು ಅಂದರೆ ರಕ್ತ ಹರಿಯಿತು ಅಂತ.

ಈಗ ಪದಕ್ಕೆ ಬರೋಣ. ಪತ್ರಿಕೆಗಳಲ್ಲಿ ಇದಕ್ಕೂ ‘ಕಸಿ’ ಅಂತಲೇ ಬರೆಯುತ್ತಾರೆ. ಕಿಡ್ನಿಯೂ ಕಸಿ, ಚರ್ಮವೂ ಕಸಿ, ಮಾವಿನ ಗಿಡವೂ ಕಸಿ. ಆದರೆ ಇಲ್ಲಿ ಒಂದು ತೊಡಕಿದೆ. ಸುಟ್ಟ ಗಾಯಕ್ಕೆ ಹಾಕುವ ಚರ್ಮ ಕಸಿಗೆ ತನ್ನದೇ ರಕ್ತನಾಳ ಇರಲ್ಲ. ತೆಳ್ಳನೆಯ ಚರ್ಮ ಹೆರೆದು ಹಾಸುತ್ತಾರೆ, ಮೊದಲ ಒಂದೆರಡು ದಿನ ಅದು ಕೆಳಗಿನ ಗಾಯದ ರಸ ಹೀರಿಯೇ ಬದುಕಬೇಕು. ಹಾಗಾಗಿ ಬರಿ ಮೂಳೆಯ ಮೇಲೆ, ಬರಿ ಸ್ನಾಯುರಜ್ಜುವಿನ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಮೇಲೆ ಅದು ಹಿಡಿಯೋದಿಲ್ಲ. ಫ್ಲಾಪ್ ಹಾಗಲ್ಲ, ತನ್ನ ರಕ್ತದ ದಾರಿಯನ್ನು ತಾನೇ ಹೊತ್ತು ತರುತ್ತದೆ. ಇಡೀ ಆಪರೇಷನ್ ನಿಂತಿರೋದೇ ಈ ವ್ಯತ್ಯಾಸದ ಮೇಲೆ. ಎರಡನ್ನೂ ‘ಕಸಿ’ ಅಂದುಬಿಟ್ಟರೆ, ‘ಸುಮ್ನೆ ಚರ್ಮ ಹಾಕೋಕೆ ಎಂಟು ಹತ್ತು ಗಂಟೆ ಯಾಕೆ?’ ಅಂತ ಮನೆಯವರು ಕೇಳಿದರೆ ಅವರದೇನು ತಪ್ಪು?

ನಾನು ತೂಗಿ ನೋಡಿದ ಪದಗಳು ಇವು.

‘ಹೊದಿಕೆ’, ‘ಪದರ’. ಚರ್ಮಕ್ಕೆ ಸರಿ. ಆದರೆ ಕೆಳಗಾಲಿನ ಹೊರಬದಿಯ ಸಣ್ಣ ಮೂಳೆಯನ್ನು ತಂದು ದವಡೆ ಕಟ್ಟುತ್ತಾರೆ, 1989ರಿಂದ ಇದು ನಡೆದಿದೆ. ಮೂಳೆಯನ್ನು ಹೊದಿಕೆ ಅನ್ನೋಕಾಗುತ್ತಾ?

‘ನಾಟಿ’. ಇದು ನನಗೆ ತುಂಬಾ ಇಷ್ಟವಾಗಿತ್ತು. ಪೈರನ್ನು ಬೇರು ಸಮೇತ ಕಿತ್ತು ಇನ್ನೊಂದು ಕಡೆ ನೆಡುವುದು, ಅರ್ಥ ಹೇಳಿ ಮಾಡಿಸಿದ ಹಾಗಿದೆ. ಆದರೆ ಆಸ್ಪತ್ರೆಯ ಕಾಗದದಲ್ಲಿ ‘ನಾಟಿ ಚಿಕಿತ್ಸೆ’ ಅಂತ ಬಂದರೆ ಓದುವವರು ನಾಟಿ ವೈದ್ಯ ಅಂದುಕೊಳ್ಳುತ್ತಾರೆ. ಕೈಬಿಟ್ಟೆ.

‘ತೊಟ್ಟು’. ತುಂಡಿಗೆ ರಕ್ತ ತರುವ ನಾಳಗಳ ಕಟ್ಟಿಗೆ ಇದಕ್ಕಿಂತ ಒಳ್ಳೆಯ ಪದ ನನಗೆ ಸಿಕ್ಕಿಲ್ಲ. ಅದರಿಂದ ‘ತೊಟ್ಟುಗಸಿ’ ಅಂತ ಕಟ್ಟಿದ್ದೇನೆ: ತೊಟ್ಟಿನ ಸಮೇತ ಬಂದ ಕಸಿ. ಚರ್ಮ, ಸ್ನಾಯು, ಮೂಳೆ ಯಾವುದಕ್ಕೂ ಹೊಂದುತ್ತದೆ. ‘ಚರ್ಮ ಕಸಿ’ ತನ್ನ ಪಾಡಿಗೆ ತಾನು ಇರಲಿ.

ಆದರೆ ‘ಫ್ರೀ’ ಇನ್ನೂ ಉಳಿಯಿತು. ಹಳೆಯ ಪದ್ಧತಿಯಲ್ಲಿ ತೊಟ್ಟನ್ನು ಕಡಿಯುತ್ತಲೇ ಇರಲಿಲ್ಲ. ಹಣೆಯ ಚರ್ಮವನ್ನು ಹುಬ್ಬಿನ ಹತ್ತಿರ ಅಂಟಿಸಿಕೊಂಡೇ ಕೆಳಕ್ಕೆ ತಿರುಗಿಸಿ ಮೂಗು ಕಟ್ಟುತ್ತಿದ್ದರು. ನಮ್ಮ ದೇಶದ ಈ ಕೈಚಳಕ 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಚಿತ್ರ ಸಮೇತ ಬಂದಿತ್ತು. ಅದು ಇವತ್ತಿಗೂ ಬಳಕೆಯಲ್ಲಿದೆ, ಆದರೆ ತೊಟ್ಟು ಎಟುಕುವಷ್ಟು ದೂರಕ್ಕೆ ಮಾತ್ರ. 1960ರಲ್ಲಿ ಜೇಕಬ್‌ಸನ್ ಮತ್ತು ಸುವಾರೆಜ್ ಅನ್ನುವ ಸರ್ಜನ್‌ಗಳು ಮೈಕ್ರೋಸ್ಕೋಪ್ ಇಟ್ಟುಕೊಂಡು ಸಣ್ಣ ನಾಳ ಹೊಲಿದು ತೋರಿಸಿದರು. 1973ರಲ್ಲಿ ಡೇನಿಯಲ್ ಮತ್ತು ಟೇಲರ್ ತೊಡೆಸಂದಿಯ ಚರ್ಮವನ್ನು ಪೂರ್ತಿ ಬಿಡಿಸಿ ಕಾಲಿಗೆ ಕೂಡಿಸಿದ್ದನ್ನು ಪ್ರಕಟಿಸಿದರು. ಹಾಗಾಗಿ ‘ಫ್ರೀ’ ಅಂದರೆ ಇಲ್ಲಿ ಬಿಡಿಯಾದದ್ದು. ‘ಬಿಡಿ ತೊಟ್ಟುಗಸಿ’ ಮತ್ತು ‘ಅಂಟು ತೊಟ್ಟುಗಸಿ’ ಅಂತ ಎರಡು ಮಾಡಬಹುದಾ? ಎರಡನೆಯದು ನನಗೇ ಅಷ್ಟು ಹಿಡಿಸಿಲ್ಲ.

ಇನ್ನೆರಡು ಕಿರಿಕಿರಿ ಇವೆ. ‘ದಾನಿ ಜಾಗ’ ಅಂತ ಬರೆದರೆ ‘ದಾನಿ ಯಾರು?’ ಅಂತ ಪ್ರಶ್ನೆ ಬರುತ್ತದೆ, ಕೊಡುವವರೂ ಅವರೇ ಪಡೆಯುವವರೂ ಅವರೇ. ನಾನು ‘ತೆಗೆದ ಜಾಗ’ ಮತ್ತು ‘ಕೂರಿಸಿದ ಜಾಗ’ ಅಂತ ಹಾಕಿದ್ದೇನೆ. ಇನ್ನೊಂದು ‘ಸೂಕ್ಷ್ಮ ಶಸ್ತ್ರಚಿಕಿತ್ಸೆ’. ಓದಿದವರಿಗೆ ಅದು ಸಣ್ಣ ಆಪರೇಷನ್ ಅನ್ನಿಸುತ್ತದೆ, ಅಲ್ವಾ? ‘ಮೈಕ್ರೋಸ್ಕೋಪ್ ಇಟ್ಟು ಮಾಡುವ ಆಪರೇಷನ್’ ಉದ್ದವಾದರೂ ಪರವಾಗಿಲ್ಲ ಅಂತ ನನ್ನ ಲೆಕ್ಕ.

ಆಪರೇಷನ್ ಆದಮೇಲಿನ ಭಾಗ ಬರೆಯೋಕೆ ಮಾತ್ರ ಕಷ್ಟವೇ ಆಗಲಿಲ್ಲ. ಮೊದಲ ಎರಡು ಮೂರು ದಿನ ನರ್ಸ್ ಗಂಟೆಗೊಮ್ಮೆ ಬಂದು ಆ ತುಂಡನ್ನು ಬೆರಳಿಂದ ಒತ್ತಿ ಬಿಡುತ್ತಾರೆ. ಬೆಳ್ಳಗಾದ ಜಾಗ ಸುಮಾರು ಎರಡು ಸೆಕೆಂಡಿನಲ್ಲಿ ಮತ್ತೆ ಬಣ್ಣಕ್ಕೆ ಬಂದರೆ ಸರಿ. ಬಿಳಿಚಿಕೊಂಡು ತಣ್ಣಗಾದರೆ ರಕ್ತ ಒಳಗೆ ಬರ್ತಿಲ್ಲ. ನೀಲಿಗಟ್ಟಿ, ಊದಿಕೊಂಡು, ಒತ್ತಿ ಬಿಟ್ಟ ತಕ್ಷಣ ಬಣ್ಣ ನುಗ್ಗಿ ಬಂದರೆ ಹೊರಗೆ ಹೋಗ್ತಿಲ್ಲ. ಎರಡರಲ್ಲಿ ಯಾವುದಾದರೂ ತಡಮಾಡದೆ ಮತ್ತೆ ಥಿಯೇಟರಿಗೆ ಒಯ್ಯಬೇಕಾಗಬಹುದು. ಕೆಲವು ಸಲ ಕಟ್ಟಿಕೊಂಡ ರಕ್ತ ಹೀರಲು ಜಿಗಣೆ ಬಿಡುವುದೂ ಉಂಟು. ಇದಕ್ಕೆಲ್ಲ ನಮ್ಮಲ್ಲಿ ಪದಗಳು ರೆಡಿ ಇವೆ ನೋಡಿ.

ವಾರ್ಡಿನಲ್ಲಿ ಕೆಲಸ ಮಾಡುವವರು ಯಾರಾದರೂ ಇದ್ದರೆ ಹೇಳಿ, ಮನೆಯವರ ಹತ್ತಿರ ಮಾತಾಡುವಾಗ ಫ್ಲಾಪ್‌ಗೆ ಏನಂತೀರಿ? ‘ಮಾಂಸ ಕೂರಿಸೋದು’ ಅನ್ನೋದನ್ನ ಕೇಳಿದ್ದೇನೆ, ಬೇರೆ ಏನಾದರೂ ಇದೆಯಾ? ಮತ್ತೆ ‘ತೊಟ್ಟುಗಸಿ’ ಓದುವಾಗ ನಾಲಿಗೆ ಎಡವಿದರೆ ಮುಲಾಜಿಲ್ಲದೆ ಹೇಳಿಬಿಡಿ.