ಕಾಗೆ ನೆಲ ಅಗೆಯಿತೋ, ಕೆದರಿತೋ? – ಅರಬ್ಬಿಯ ‘ಬ-ಹ-ಥ’ ಧಾತು

ಗೆಳೆಯರೇ,

ಒಂದು ಕ್ರಿಯಾಪದಕ್ಕೆ ಸರಿಯಾದ ಕನ್ನಡ ಬೇಕಾಗಿದೆ. ಕುರಾನಿನ 5ನೇ ಅಧ್ಯಾಯದ 31ನೇ ವಾಕ್ಯದಲ್ಲಿ ಒಂದು ಕಾಗೆ ಬರುತ್ತದೆ. ಒಡಹುಟ್ಟಿದವನನ್ನು ಕೊಂದವನಿಗೆ ಮುಂದೆ ಆ ಹೆಣವನ್ನು ಏನು ಮಾಡಬೇಕೆಂದೇ ತಿಳಿಯದು. ದೇವರು ಕಾಗೆಯೊಂದನ್ನು ಕಳಿಸುತ್ತಾನೆ. ಅದು ನೆಲದ ಮೇಲೆ ಏನೋ ಮಾಡುತ್ತದೆ. ಅದನ್ನು ಕಂಡು ಅವನಿಗೆ ಮಣ್ಣು ಮಾಡುವುದು ಹೇಗೆಂದು ಹೊಳೆಯುತ್ತದೆ. ಕಾಗೆ ಮಾಡಿದ ಆ ಕೆಲಸಕ್ಕೆ ಮೂಲದಲ್ಲಿರುವ ಪದ ‘ಯಬ್‌ಹಥು’. ಧಾತು ಬ-ಹ-ಥ. ಹಕಾರ ಗಂಟಲಾಳದ್ದು, ಕೊನೆಯ ಅಕ್ಷರವನ್ನು ನಾಲಿಗೆಯ ತುದಿ ಹಲ್ಲುಗಳ ನಡುವೆ ಇಟ್ಟು ಹೇಳಬೇಕು.

ಮೊದಲು ನಾನು ‘ಅಗೆಯಿತು’ ಎಂದು ಬರೆದೆ. ಮರುದಿನ ಓದಿದರೆ ಒಪ್ಪಿಗೆಯಾಗಲಿಲ್ಲ. ಅಗೆಯಲು ಗುದ್ದಲಿ ಬೇಕು, ಹಾರೆ ಬೇಕು, ಸೊಂಟ ಬಗ್ಗಬೇಕು. ಕಾಗೆಗಿರುವುದು ಕೊಕ್ಕು ಮತ್ತು ಕಾಲುಗುರು.

ಗುದ್ದಲಿಯ ಅಗೆತಕ್ಕೆ ಅರಬ್ಬಿಯಲ್ಲಿ ಬೇರೆಯೇ ಧಾತು ಇದೆ, ಹ-ಫ-ರ. ದಮ್ಮಾಮಿನಲ್ಲಿ ಕೆಲಸಕ್ಕಿದ್ದಾಗ ನಾನು ಮೊದಮೊದಲು ಓದಲು ಕಲಿತ ಪದಗಳಲ್ಲಿ ಅದರದ್ದೂ ಒಂದು. ರಸ್ತೆ ಅಗೆದು ಬಿಟ್ಟಲ್ಲೆಲ್ಲ ‘ಹಫ್ರಿಯ್ಯಾತ್’ ಎಂಬ ಹಲಗೆ ನಿಲ್ಲಿಸುತ್ತಿದ್ದರು. ಪುರಾತತ್ವದವರ ಉತ್ಖನನಕ್ಕೂ ಅದೇ ಪದ. ‘ಹುಫ್ರ’ ಎಂದರೆ ಗುಂಡಿ, ‘ಹಫ್ಫಾರ್’ ಗುಂಡಿ ತೋಡುವವನು. ಕುದುರೆಯ ಗೊರಸು ‘ಹಾಫಿರ್’, ಓಡುತ್ತ ನೆಲ ಅಗೆಯುವುದರಿಂದ. ಸೌದಿಯ ಈಶಾನ್ಯದಲ್ಲಿರುವ ಹಫರ್ ಅಲ್-ಬಾತಿನ್ ಊರಿನ ಹೆಸರಿನಲ್ಲಿರುವುದು ಬಸ್ರಾದಿಂದ ಹಜ್‌ಗೆ ಹೋಗುವವರ ದಾರಿಯಲ್ಲಿ ತೋಡಿಸಿದ್ದ ಬಾವಿಗಳು. ಪಳೆಯುಳಿಕೆ ಇಂಧನಕ್ಕೆ ‘ಉಹ್‌ಫೂರಿ’ ಎಂಬ ವಿಶೇಷಣವನ್ನೂ ಈ ಧಾತುವಿನಿಂದಲೇ ಕಟ್ಟಿಕೊಂಡಿದ್ದಾರೆ.

ಬ-ಹ-ಥದ ಹದವೇ ಬೇರೆ. ಇಬ್ನ್ ಮನ್ಜೂರ್ ಅವರ ‘ಲಿಸಾನ್ ಅಲ್-ಅರಬ್’ ನಿಘಂಟು ಕೊಡುವ ಅರ್ಥ, ಮಣ್ಣಿನಲ್ಲಿ ಒಂದು ವಸ್ತುವನ್ನು ಹುಡುಕುವುದು. ನಡೆಯುವಾಗ ಮುಂಗಾಲಿನಿಂದ ಮಣ್ಣು ಕೆದರುತ್ತ ಹೋಗುವ ಒಂಟೆಗೆ ‘ಬಹೂಥ್’ ಎಂಬ ಹೆಸರೂ ಅಲ್ಲಿದೆ. ಹಫರ ಮುಗಿದ ಮೇಲೆ ಗುಂಡಿ ಉಳಿಯುತ್ತದೆ. ಬಹಥದಲ್ಲಿ ಗುಂಡಿ ಆಗಲೇಬೇಕೆಂದಿಲ್ಲ, ಅಡಿಯಲ್ಲಿದ್ದದ್ದು ಮೇಲೆ ಬರಬೇಕು, ಅಷ್ಟೆ. ಕುರಾನಿನ 9ನೇ ಅಧ್ಯಾಯ ‘ಅತ್-ತೌಬಾ’ಕ್ಕೆ ಹಳಬರು ಇಟ್ಟ ಅಡ್ಡಹೆಸರುಗಳಲ್ಲಿ ‘ಅಲ್-ಹಾಫಿರ’ವೂ ಇದೆ, ‘ಅಲ್-ಬುಹೂಥ್’ ಕೂಡ ಇದೆ. ಕಪಟಿಗಳ ಮನಸ್ಸಿನಲ್ಲಿ ಅಡಗಿದ್ದನ್ನು ಹೊರಗೆಳೆಯಿತು ಎಂಬ ಕಾರಣಕ್ಕೆ ಎರಡೂ ಧಾತುಗಳು ಅಲ್ಲಿ ಒಟ್ಟಿಗೆ ಬಂದಿವೆ.

ಈ ಧಾತು ನನ್ನ ಮನಸ್ಸಿಗೆ ನಾಟಿದ್ದು ಒಂದು ಗಾದೆಯಿಂದ. ‘ಕತ್ತಿಯನ್ನು ಕೆದರಿ ತೆಗೆದವನಂತೆ’ ಎನ್ನುತ್ತಾರೆ ಅರಬರು. ಹಿಂದಿನ ಕತೆ ಹೀಗೆ: ಮರುಭೂಮಿಯಲ್ಲಿ ಹಸಿದವನೊಬ್ಬನಿಗೆ ಕುರಿ ಸಿಕ್ಕಿತು, ಕೊಯ್ಯಲು ಕತ್ತಿ ಇಲ್ಲ. ಹಿಡಿದುಕೊಂಡಿದ್ದ ಕುರಿ ಕೊಸರಾಡುತ್ತ ಕಾಲಿನಿಂದ ಮರಳು ಕೆದರಿತು, ಹೂತುಹೋಗಿದ್ದ ಕತ್ತಿಯೊಂದು ಮೇಲೆ ಬಂತು. ಇದನ್ನು ಓದುವಾಗ ನನಗೆ ವಿದುರ ನೆನಪಾದ. ಸಭಾಪರ್ವದ ಪಾಠವೊಂದರಲ್ಲಿ ಅವನು ದುರ್ಯೋಧನನಿಗೆ ಹೇಳುವುದೂ ಇದನ್ನೇ: ಆಡೊಂದು ಕಾಲಿನಿಂದ ನೆಲ ಬಗೆದು ತನ್ನ ಕತ್ತು ಕತ್ತರಿಸುವ ಶಸ್ತ್ರವನ್ನೇ ಹೊರತೆಗೆಯಿತಂತೆ, ಹಾಗೆ ನೀನು ಪಾಂಡವರೊಡನೆ ವೈರವನ್ನು ತೋಡಬೇಡ. ಅಲ್ಲಿಯ ಕ್ರಿಯಾಪದ ‘ಖನ್’. ನಮ್ಮ ‘ಗಣಿ’ಯ ಮೂಲವೂ ಆ ಧಾತುವೇ. ಅಷ್ಟೇ ಅಲ್ಲ, ಕೋಟೆ ಸುತ್ತಲಿನ ‘ಕಂದಕ’ ಅರಬ್ಬಿಯ ‘ಖಂದಕ್’, ಅದು ಅಲ್ಲಿಗೆ ಹೋದದ್ದು ಪಾರಸಿಯ ‘ಕಂದನ್’ (ಅಗೆ) ಮೂಲದಿಂದ, ಮತ್ತು ಅದು ಸಂಸ್ಕೃತದ ‘ಖನ್’ನ ಒಡಹುಟ್ಟು. ಗಣಿಯೂ ಕಂದಕವೂ ದಾಯಾದಿಗಳು.

ಮತ್ತೆ ಕಾಗೆಗೆ ಬರುತ್ತೇನೆ. ಇಂದಿನ ಅರಬ್ಬಿಯಲ್ಲಿ ‘ಬಹ್ಥ್’ ಎಂದರೆ ಸಂಶೋಧನೆ, ‘ಬಾಹಿಥ್’ ಸಂಶೋಧಕ, ‘ಮಬ್‌ಹಥ್’ ವಿಚಾರಕ್ಕೆ ಎತ್ತಿಕೊಂಡ ವಿಷಯ, ‘ಮುಬಾಹಥಾತ್’ ದೇಶ ದೇಶಗಳ ನಡುವಿನ ಮಾತುಕತೆ. ನಮ್ಮ ಫೋನಿನಲ್ಲಿ ‘ಹುಡುಕು’ ಎಂದಿರುವ ಕಡೆ ಅವರ ಫೋನಿನಲ್ಲಿ ‘ಬಹ್ಥ್’ ಎಂದಿರುತ್ತದೆ. ಪಾರಸಿ, ಉರ್ದು ಬಾಯಲ್ಲಿ ಕೊನೆಯ ಅಕ್ಷರ ಸಕಾರವಾಯಿತು. ಉರ್ದು, ಹಿಂದಿಯವರ ‘ಬಹಸ್’ ಇದೇ. ಅಲ್ಲಿ ಹುಡುಕಾಟ ಹಿಂದೆ ಸರಿದು ವಾದ ಮುಂದೆ ಬಂತು. ಇಂಡೊನೇಷ್ಯಾದಲ್ಲಿ ‘ಮೆಂಬಹಾಸ್’ ಎಂದರೆ ಚರ್ಚಿಸು. ತುರ್ಕಿಯ ‘ಬಹಿಸ್’ಗೆ ಪಂದ್ಯ ಕಟ್ಟುವುದು ಎಂಬ ಅರ್ಥವೂ ಬಂದಿದೆ.

ಕನ್ನಡದಲ್ಲಿ ಇದಕ್ಕೆ ಹತ್ತಿರವಾದವು ‘ಕೆದಕು’ ಮತ್ತು ‘ಕೆದರು’. ತೊಡಕಿರುವುದು ಇಲ್ಲಿಯೇ. ಅರಬರು ಮಣ್ಣು ಕೆದರುವ ಪದವನ್ನು ವಿಶ್ವವಿದ್ಯಾಲಯಕ್ಕೆ ಕರೆದೊಯ್ದರು, ನಾವು ‘ಕೆದಕು’ವನ್ನು ಜಗಳಕ್ಕೆ ಬಿಟ್ಟೆವು. ‘ಹಳೇದನ್ನೆಲ್ಲ ಯಾಕೆ ಕೆದಕ್ತೀಯ’ ಎಂದರೆ ಅಲ್ಲಿಗೆ ಮಾತು ಮುರಿಯಿತು. ವಿದ್ವತ್ತಿನ ಕೆಲಸಕ್ಕೆ ‘ಸಂಶೋಧನೆ’ ಎಂದೆವು. ಅದು ಕಷಾಯ ಶೋಧಿಸಿದ ಹಾಗೆ ಕಸ ಕಳೆದು ತಿಳಿ ಉಳಿಸಿಕೊಳ್ಳುವ ಪದ. ಅದರ ಮೇಲೆ ನನಗೆ ಗೌರವವಿದೆ. ಆದರೆ ಕೈಗೆ ಮಣ್ಣು ಹತ್ತುವ ಪದವೂ ನಮಗೆ ಬೇಕು. ‘ಕೆದಕು’ ಮರಳಿ ಮರ್ಯಾದೆ ಪಡೆಯಬೇಕೆಂಬುದು ನನ್ನ ಆಸೆ.

ಆದರೂ ಈ ಕಾಗೆಯ ಮಟ್ಟಿಗೆ ‘ಕೆದರಿತು’ ಎಂದೇ ಬರೆದಿಟ್ಟಿದ್ದೇನೆ. ‘ಕೆದಕಿತು’ ಎಂದರೆ ಕೊಲೆಯ ಬೆನ್ನಿಗೇ ಇನ್ನೊಂದು ಜಗಳ ಎದ್ದಂತೆ ಕೇಳಿಸುತ್ತದೆ. ‘ತೋಡಿತು’ ಎಂದರೆ ಗುಂಡಿ ಆಗಲೇ ಸಿದ್ಧವಾದಂತೆ. ನಮ್ಮ ಹಿತ್ತಲಲ್ಲಿ ಅಮ್ಮ ಕೋಳಿಗೆ ಹೇಳುತ್ತಿದ್ದದ್ದೂ ‘ಕೆದರು’ ಎಂದೇ: ಒಂದು ಕಾಲು ಹಿಂದಕ್ಕೆ ಎಳೆಯುವುದು, ನಿಲ್ಲುವುದು, ಕತ್ತು ಓರೆ ಮಾಡಿ ನೋಡುವುದು, ಮತ್ತೊಂದು ಕಾಲು.

ನಿಮ್ಮಲ್ಲಿ ಕೇಳುವುದು ಇಷ್ಟು. ನಿಮ್ಮ ಕಡೆ ತಿಪ್ಪೆಯ ಮೇಲಿನ ಕೋಳಿ ಕೆದರುತ್ತದೆಯೋ, ಕೆದಕುತ್ತದೆಯೋ, ಕೆರೆಯುತ್ತದೆಯೋ? ನೆಲ ‘ಬಗೆ’ಯುವುದು ಎಂಬ ಮಾತು ಹಕ್ಕಿಗೆ ಸಲ್ಲುತ್ತದೆಯೇ, ಹಂದಿಗೆ ಮಾತ್ರವೇ? ಧಾರವಾಡ, ಕಲಬುರಗಿ, ಕುಂದಾಪುರ, ಚಾಮರಾಜನಗರದ ಕಡೆಯವರು ಮನೆಯಲ್ಲಿ ಹಿರಿಯರು ಆಡುವ ಮಾತನ್ನು ಹಾಗೆಯೇ ಬರೆದು ಕಳಿಸಿ.