ನಮ್ಮ ಕಡೆಯ ಆ ಮ್ಯೂಸಿಕ್ ಲೇಬಲ್ ಬ್ಯಾಂಡ್‌ಗಳಿಗೂ ಕೇಳುಗರಿಗೂ ಯಾಕೆ ಕೈಕೊಟ್ಟಿತು?

ಸಂತೇಪೇಟೆ ಕೇಳುಗ (ಹಾಸನ)

ಹಾಸನ, ಚಿಕ್ಕಮಗಳೂರು ಕಡೆಯ ಬ್ಯಾಂಡ್‌ಗಳನ್ನು ಕೇಳುತ್ತಿದ್ದವರು ಯಾರಾದರೂ ಇದ್ದರೆ ಒಂದು ವಿಷಯ ಕೇಳಬೇಕಿತ್ತು. ನಮ್ಮ ಕಡೆ ಬ್ಯಾಂಡ್‌ಗಳ ಹಾಡು ಹೊರತರುವ ಒಂದು ಪುಟ್ಟ ಲೇಬಲ್ ಇತ್ತಲ್ಲ, ಅದರ ಬಗ್ಗೆ. ಹೆಸರು ಹಾಕುವುದು ಬೇಡ, ಗೊತ್ತಿದ್ದವರಿಗೆ ಗೊತ್ತಾಗುತ್ತದೆ.

ಮೊನ್ನೆ ಅವರು ಹೊರತಂದ ಒಂದು ಆಲ್ಬಂ ಕೇಳೋಣ ಅಂತ ಸ್ಪಾಟಿಫೈ ತೆಗೆದರೆ ಹಾಡುಗಳೇ ಇಲ್ಲ. ನನ್ನ ಪ್ಲೇಲಿಸ್ಟ್‌ನಲ್ಲಿ ಹಾಡಿನ ಹೆಸರು ಬೂದು ಬಣ್ಣದಲ್ಲಿ ಕಾಣುತ್ತದೆ, ಒತ್ತಿದರೆ ಏನೂ ಆಗುವುದಿಲ್ಲ. ಆಪಲ್ ಮ್ಯೂಸಿಕ್‌ನಲ್ಲೂ ಇಲ್ಲ. ಒಂದೇ ಬ್ಯಾಂಡಿನ ಕಥೆ ಇರಬೇಕು ಅಂದುಕೊಂಡೆ. ಹುಡುಕುತ್ತಾ ಹೋದರೆ ಆ ಲೇಬಲ್‌ನಿಂದ ಬಂದ ಎಲ್ಲ ಬ್ಯಾಂಡ್‌ಗಳದ್ದೂ ಮಾಯ.

ಇದಕ್ಕೂ ಮೊದಲೇ ನನಗೆ ಬೇಸರ ಇತ್ತು. ಒಂದು ಆಲ್ಬಂಗೆ ಮುಂಗಡ ಕಟ್ಟಿದ್ದೆ. ಕಾರ್ಖಾನೆಯಲ್ಲಿ ಒತ್ತಿಸಿದ ಸಿಡಿ, ಹಾಡಿನ ಸಾಹಿತ್ಯ ಇರುವ ಪುಟ್ಟ ಪುಸ್ತಕ, ಒಂದು ಟೀ ಶರ್ಟ್, ಇಷ್ಟು ಕೊಡುತ್ತೇವೆ ಅಂದಿದ್ದರು. ತಿಂಗಳುಗಟ್ಟಲೆ ಕಾದ ಮೇಲೆ ಒಂದು ಕವರ್ ಬಂತು. ಸಿಡಿ ತಿರುಗಿಸಿ ನೋಡಿದರೆ ಅಡಿಭಾಗ ತಿಳಿ ಹಸಿರು ಬಣ್ಣ. ಒತ್ತಿಸಿದ ಸಿಡಿಯಾದರೆ ಬೆಳ್ಳಿ ಬಣ್ಣ ಇರುತ್ತದೆ, ಇದು ಕಂಪ್ಯೂಟರ್‌ನಲ್ಲಿ ಬರ್ನ್ ಮಾಡಿದ್ದು ಅಂತ ನೋಡಿದ ತಕ್ಷಣ ಗೊತ್ತಾಗುತ್ತದೆ. ಮೇಲೆ ಅಂಟಿಸಿದ ಸ್ಟಿಕ್ಕರ್‌ನ ಅಂಚು ಎದ್ದಿತ್ತು. ಐದನೇ ಹಾಡಿಗೆ ಬಂದರೆ ಕಾರಿನ ಪ್ಲೇಯರ್ ತಡವರಿಸುತ್ತದೆ. ಪುಸ್ತಕ ಇಲ್ಲ, ಟೀ ಶರ್ಟ್ ಇವತ್ತಿನವರೆಗೂ ಬಂದಿಲ್ಲ. ಮೆಸೇಜ್ ಹಾಕಿದರೆ ಮೊದಮೊದಲು "ಈ ವಾರ ಕಳಿಸ್ತೀವಿ" ಅನ್ನುವ ಉತ್ತರ, ಆಮೇಲೆ ನೀಲಿ ಟಿಕ್ ಮಾತ್ರ.

ದುಡ್ಡಿಗಾಗಿ ಇದನ್ನು ಬರೆಯುತ್ತಿಲ್ಲ. ಆ ಹಾಡುಗಳು ನನಗೆ ಬೇಕು. ನಮ್ಮ ಮಾತಿನಲ್ಲಿ, ನಮ್ಮ ಮಳೆ, ನಮ್ಮ ಬಸ್ ಸ್ಟ್ಯಾಂಡ್ ಬಗ್ಗೆ ಗಿಟಾರ್ ಹಿಡಿದು ಹಾಡಿದವರು ಎಷ್ಟು ಜನ ಇದ್ದಾರೆ ಹೇಳಿ? ಲೇಬಲ್‌ನವರು ನಿಲ್ಲಿಸುವ ಮುಂಚೆ ಹಾಕಿದ ಕೊನೆಯ ಪೋಸ್ಟ್‌ನಲ್ಲಿ "ಕನ್ನಡ ಬ್ಯಾಂಡ್‌ಗಳಿಗೆ ಮಾರ್ಕೆಟ್ ಇಲ್ಲ, ಸ್ಟ್ರೀಮಿಂಗ್ ಬಂದು ಎಲ್ಲ ಮುಳುಗಿತು" ಅಂತಿತ್ತು. ನನಗೆ ನಂಬಿಕೆ ಬರುತ್ತಿಲ್ಲ. ಕಲಾಕ್ಷೇತ್ರದಲ್ಲಿ ಶೋ ಆದಾಗ ಹಿಂದಿನ ಸಾಲಿನವರೆಗೂ ಜನ ಇದ್ದರು. ನಿಜವಾಗಿ ಏನಾಯಿತು? ಹಾಡುಗಳನ್ನು ವಾಪಸ್ ತರಲು ದಾರಿ ಇದೆಯಾ?

ಮೂಡಿಗೆರೆ ಬೇಸ್ (ಚಿಕ್ಕಮಗಳೂರು)

ಆ ಲೇಬಲ್‌ನಲ್ಲಿದ್ದ ಒಂದು ಬ್ಯಾಂಡ್‌ನಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದವನು ನಾನು. ಗೊತ್ತಿರುವಷ್ಟು ಹೇಳುತ್ತೇನೆ.

ಮಾರ್ಕೆಟ್ ಇಲ್ಲ ಅನ್ನುವುದು ಅರ್ಧ ಸತ್ಯ. ಸ್ಟ್ರೀಮಿಂಗ್‌ನಲ್ಲಿ ದುಡ್ಡಿಲ್ಲ ಅನ್ನುವುದು ನಿಜವೇ. ಒಂದು ಸಲ ಕೇಳಿದರೆ ಸಿಗುವುದು ಪೈಸೆ ಲೆಕ್ಕ. 2024ರಿಂದ ಸ್ಪಾಟಿಫೈ ಇನ್ನೂ ಬಿಗಿ ಮಾಡಿದೆ, 12 ತಿಂಗಳಲ್ಲಿ ಕನಿಷ್ಠ 1000 ಸಲ ಕೇಳಿರದ ಹಾಡಿಗೆ ರಾಯಲ್ಟಿಯೇ ಇಲ್ಲ. ಆದರೆ ನಮ್ಮಲ್ಲಿ ಯಾರೂ ಸ್ಟ್ರೀಮಿಂಗ್ ದುಡ್ಡು ನಂಬಿಕೊಂಡು ಬಂದವರಲ್ಲ. ಲೇಬಲ್ ನಡೆಯುತ್ತಿದ್ದದ್ದೇ ಶೋ ಟಿಕೆಟ್, ಟೀ ಶರ್ಟ್ ಮತ್ತು ನಿಮ್ಮಂಥವರು ಕಟ್ಟಿದ ಮುಂಗಡದಿಂದ. ಆ ದುಡ್ಡು ಬರುತ್ತಿತ್ತು, ಅದು ಎಲ್ಲಿಗೆ ಹೋಯಿತು ಅನ್ನುವುದೇ ಪ್ರಶ್ನೆ.

ನಮ್ಮ ಒಪ್ಪಂದ ಎರಡು ಪುಟದ ಕಾಗದ. ಖರ್ಚು ಕಳೆದು ಉಳಿದದ್ದರಲ್ಲಿ ಅರ್ಧ ನಮಗೆ, ಅರ್ಧ ಲೇಬಲ್‌ಗೆ, ಆರು ತಿಂಗಳಿಗೊಮ್ಮೆ ಲೆಕ್ಕ. ಒಪ್ಪಂದ ಕೆಟ್ಟದ್ದಲ್ಲ, ಸಣ್ಣ ಲೇಬಲ್‌ಗಳು ಎಲ್ಲ ಕಡೆ ಹೀಗೇ ಮಾಡುತ್ತವೆ. ತೊಂದರೆ ಇದ್ದದ್ದು "ಖರ್ಚು ಕಳೆದು" ಅನ್ನುವ ಎರಡು ಪದದಲ್ಲಿ. ಆ ಖರ್ಚಿನ ಪಟ್ಟಿಯನ್ನು ನಾವು ಒಬ್ಬರೂ ಕಣ್ಣಿಂದ ನೋಡಲಿಲ್ಲ. ಬೆಂಗಳೂರಿನ ಸ್ಟುಡಿಯೋ ಬಿಲ್ ಪೂರ್ತಿ ನಾವೇ ಕಟ್ಟಿದ್ದೆವು, ನಮ್ಮ ಡ್ರಮ್ಮರ್ ಬೈಕ್ ಮಾರಿದ ದುಡ್ಡೂ ಅದರಲ್ಲಿತ್ತು. ಲೇಬಲ್ ಮಾಡಬೇಕಿದ್ದದ್ದು ಕವರ್, ಸಿಡಿ, ಆನ್‌ಲೈನ್‌ಗೆ ಹಾಕುವುದು, ಶೋ ಗೊತ್ತು ಮಾಡುವುದು, ಇಷ್ಟೇ.

ಲೆಕ್ಕ ಕೇಳಿದಾಗಲೆಲ್ಲ "ಡಿಸ್ಟ್ರಿಬ್ಯೂಟರ್ ಕಡೆಯಿಂದ ರಿಪೋರ್ಟ್ ಬಂದಿಲ್ಲ ಗುರು" ಅನ್ನುವ ಉತ್ತರ. ಡಿಸ್ಟ್ರಿಬ್ಯೂಟರ್ ಅಂದರೆ ಹಾಡುಗಳನ್ನು ಸ್ಪಾಟಿಫೈನಂಥ ಕಡೆ ಹಾಕಿಸುವ ಕಂಪನಿ. ಆದರೆ ಅವರ ಸೈಟ್‌ಗೆ ಲಾಗಿನ್ ಆದರೆ ಯಾವ ತಿಂಗಳು, ಯಾವ ಹಾಡು, ಯಾವ ದೇಶ, ಎಷ್ಟು ದುಡ್ಡು, ಎಲ್ಲ ಕಾಣುತ್ತದೆ. ಆ ಪಾಸ್‌ವರ್ಡ್ ಲೇಬಲ್ ನಡೆಸುತ್ತಿದ್ದವರೊಬ್ಬರ ಹತ್ತಿರ ಇತ್ತು. ನಮ್ಮ ಮನೆಯಲ್ಲಿ ಪಾರ್ಚ್‌ಮೆಂಟ್ ಕಾಫಿ (ತೆಳು ಸಿಪ್ಪೆ ಇರುವ ಬೀಜ) ಸಿಪ್ಪೆ ತೆಗೆಸಲು ಕ್ಯೂರಿಂಗ್‌ಗೆ ಹಾಕಿದರೆ ಮೂಟೆ ಇಳಿಸಿದ ತಕ್ಷಣ ತೂಕದ ಚೀಟಿ ಕೊಡುತ್ತಾರೆ, ಆಮೇಲೆ ಔಟ್‌ಟರ್ನ್, ಅಂದರೆ ಸಿಪ್ಪೆ ಹೋಗಿ ಉಳಿದ ಬೀಜ, ಎಷ್ಟು ಬಂತು ಅಂತ ಬರೆದು ಕೊಡುತ್ತಾರೆ. ರೇಟು ಬಿದ್ದಿದ್ದರೆ ಬೈದುಕೊಂಡು ಬರುತ್ತೇವೆ, ಆದರೆ ಚೀಟಿ ಇರುತ್ತದೆ. ನಮ್ಮ ಹಾಡಿಗೆ ಆ ಚೀಟಿ ಸಿಗಲೇ ಇಲ್ಲ. ನೂರು ರೂಪಾಯಿ ಬಂದಿದೆ ಅಂತ ಬರೆದು ಐವತ್ತು ಕೊಟ್ಟಿದ್ದರೂ ನಾವು ಅವರ ಜೊತೆಗೇ ಇರುತ್ತಿದ್ದೆವು.

ಈಗ ದುಡ್ಡಿನ ವಿಷಯ. ಟಿಕೆಟ್, ಟೀ ಶರ್ಟ್, ಮುಂಗಡ ಎಲ್ಲ ಬೀಳುತ್ತಿದ್ದದ್ದು ಒಂದೇ ಯುಪಿಐ ನಂಬರ್‌ಗೆ, ಅದೂ ಅವರ ಸ್ವಂತ ಖಾತೆ. ಮೊದಲನೇ ಬ್ಯಾಂಡಿನ ಮುಂಗಡದಲ್ಲಿ ಎರಡನೇ ಬ್ಯಾಂಡಿನ ಕವರ್ ಪ್ರಿಂಟ್ ಆಯಿತು, ಎರಡನೆಯವರ ದುಡ್ಡಲ್ಲಿ ಮೂರನೆಯವರ ಶೋಗೆ ಸೌಂಡ್‌ನವರಿಗೆ ಅಡ್ವಾನ್ಸ್ ಹೋಯಿತು. ಬ್ಯಾಂಡ್ ಸೇರಿಸಿಕೊಳ್ಳುತ್ತಾ ಹೋಗುವವರೆಗೂ ಬಂಡಿ ಓಡಿತು. ಮಳೆಗಾಲದಲ್ಲಿ ಸಾಲಾಗಿ ಶೋಗಳು ನಿಂತವು, ಹೊಸ ಮುಂಗಡ ಬರಲಿಲ್ಲ, ನಿಮ್ಮ ಸಿಡಿ ಒತ್ತಿಸಲು ದುಡ್ಡು ಉಳಿದಿರಲಿಲ್ಲ. ಕಾರ್ಖಾನೆಯವರು ಐನೂರು, ಸಾವಿರಕ್ಕಿಂತ ಕಡಿಮೆ ಸಿಡಿ ಒತ್ತಲು ಸುಲಭಕ್ಕೆ ಒಪ್ಪುವುದಿಲ್ಲ. ಅದಕ್ಕೇ ನಿಮಗೆ ಹಸಿರು ಸಿಡಿ ಬಂದದ್ದು.

ಹಾಡು ಮಾಯವಾದದ್ದಕ್ಕೆ ಕಾರಣ ಇನ್ನೂ ಸಣ್ಣದು. ಡಿಸ್ಟ್ರೊಕಿಡ್‌ನಂಥ ಡಿಸ್ಟ್ರಿಬ್ಯೂಟರ್ ಹತ್ತಿರ ವರ್ಷ ವರ್ಷ ಶುಲ್ಕ ಕಟ್ಟಬೇಕು, ಕಟ್ಟದಿದ್ದರೆ ಹಾಡುಗಳನ್ನು ತೆಗೆಯುತ್ತಾರೆ. ಸಿಡಿ ಬೇಬಿಯಂಥ ಕಡೆ ಆಲ್ಬಂಗೆ ಒಂದು ಸಲ ಕಟ್ಟಿದರೆ ಸಾಕು, ಬಂದದ್ದರಲ್ಲಿ ಶೇ 9 ಅವರು ಹಿಡಿದುಕೊಳ್ಳುತ್ತಾರೆ. ನಮ್ಮ ಲೇಬಲ್ ಆರಿಸಿದ್ದು ವರ್ಷದ ಶುಲ್ಕದ ದಾರಿ, ಕೊನೆಗೆ ಅದನ್ನು ಕಟ್ಟಲಿಲ್ಲ. ಕಟ್ಟಲು ಆಗದಿದ್ದರೆ "ನನ್ನ ಕೈಲಿ ಆಗ್ತಿಲ್ಲ, ನಿಮ್ಮ ಹಾಡು ನೀವು ತಗೊಳ್ಳಿ" ಅಂತ ಒಂದು ಮೆಸೇಜ್ ಹಾಕಬಹುದಿತ್ತು ಅಲ್ವಾ? ದುಡ್ಡು ಹೋದದ್ದಕ್ಕಿಂತ ನನಗೆ ಜಾಸ್ತಿ ನೋವಾದದ್ದು ಅದು.

ಸಕಲೇಶಪುರ ಪ್ಯಾಸೆಂಜರ್

ಅಣ್ಣಾ, ನೀವು ಹೇಳಿದ್ದರಲ್ಲಿ ಯಾವುದನ್ನೂ ಇಲ್ಲ ಅನ್ನುವುದಿಲ್ಲ. ಆದರೂ ಆ ಮನುಷ್ಯನ ಪರವಾಗಿ ಒಂದು ಮಾತು. ಅವರು ಶುರು ಮಾಡುವ ಮುಂಚೆ ನಮ್ಮ ಕಡೆ ಬ್ಯಾಂಡ್ ಅಂದರೆ ಕಾಲೇಜು ಡೇಗೆ ಎರಡು ಸಿನಿಮಾ ಹಾಡು, ಮದುವೆ ಆರ್ಕೆಸ್ಟ್ರಾ, ಮುಗೀತು. ಸ್ವಂತ ಹಾಡು ಬರೆದವರನ್ನು ಸ್ಟೇಜ್ ಮೇಲೆ ನಿಲ್ಲಿಸಿದ್ದು ಅವರು. ಆಂಪ್‌ಗೆ ಟಾರ್ಪಾಲ್ ಹೊದಿಸಿ, ತಮ್ಮ ಹಳೆ ಕಾರಿನ ಹಿಂದಿನ ಸೀಟಲ್ಲಿ ಇಟ್ಟುಕೊಂಡು ಜಡಿಮಳೆಯಲ್ಲಿ ಘಟ್ಟದ ದಾರಿಯಲ್ಲಿ ಬಂದದ್ದನ್ನು ನಾನೇ ನೋಡಿದ್ದೇನೆ. ದುಡ್ಡು ತಿಂದರು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಯಾರು ಬಂದು ಕೇಳಿದರೂ ಆಯ್ತು ಅಂದುಬಿಡುತ್ತಿದ್ದರು, ಬೇಡ ಅನ್ನಲು ಬಾಯಿ ಬರುತ್ತಿರಲಿಲ್ಲ. ಅದೇ ಮುಳುಗಿಸಿತು.

ದೊಡ್ಡ ದೊಡ್ಡ ಹೆಸರಿನವರಿಗೂ ಹೀಗೇ ಆಗಿದೆ. ಅಮೆರಿಕದ ಲುಕ್‌ಔಟ್ ರೆಕಾರ್ಡ್ಸ್ ನೋಡಿ. ಗ್ರೀನ್ ಡೇ ಬ್ಯಾಂಡಿನ ಮೊದಲ ಆಲ್ಬಂಗಳನ್ನು ತಂದವರು ಅವರು. ರಾಯಲ್ಟಿ ಬಾಕಿ ಬಿತ್ತು ಅಂತ 2005ರಲ್ಲಿ ಗ್ರೀನ್ ಡೇ ತನ್ನ ಹಾಡುಗಳನ್ನು ವಾಪಸ್ ತೆಗೆದುಕೊಂಡಿತು. ಲೇಬಲ್ ಆಮೇಲೆ ಚೇತರಿಸಿಕೊಳ್ಳಲಿಲ್ಲ, 2012ರಲ್ಲಿ ಪೂರ್ತಿ ಮುಚ್ಚಿತು. ಮ್ಯಾಂಚೆಸ್ಟರ್‌ನ ಫ್ಯಾಕ್ಟರಿ ರೆಕಾರ್ಡ್ಸ್ 1978ರಲ್ಲಿ ಶುರುವಾಗಿ 1992ರಲ್ಲಿ ದಿವಾಳಿಯಾಯಿತು. ತಮ್ಮದೇ ನೈಟ್ ಕ್ಲಬ್‌ಗೆ ಸುರಿದ ದುಡ್ಡಿಗೆ ಲೆಕ್ಕ ಇರಲಿಲ್ಲ.

ಮೂಡಿಗೆರೆ ಬೇಸ್

ಒಳ್ಳೆಯವರು ಅನ್ನುವುದರಲ್ಲಿ ನನಗೂ ಅನುಮಾನ ಇಲ್ಲ. ತಿಂದರು ಅಂತ ನಾನೂ ಬರೆದಿಲ್ಲ. ಆದರೆ ಫ್ಯಾಕ್ಟರಿಯ ಹೆಸರು ತೆಗೆದಿರಲ್ಲ, ಅಲ್ಲೇ ದೊಡ್ಡ ವ್ಯತ್ಯಾಸ ಇದೆ. ಅವರು ಹಾಡೆಲ್ಲ ಕಲಾವಿದರದ್ದೇ, ಕಂಪನಿಗೆ ಏನೂ ಇಲ್ಲ ಅಂತ ಮೊದಲೇ ಒಪ್ಪಿಕೊಂಡಿದ್ದರು. ಮುಳುಗುವಾಗ ಅವರನ್ನು ಕೊಳ್ಳಲು ಬಂದ ದೊಡ್ಡ ಕಂಪನಿಗೆ ನ್ಯೂ ಆರ್ಡರ್ ಬ್ಯಾಂಡಿನ ಹಾಡುಗಳ ಹಕ್ಕು ಬ್ಯಾಂಡಿನ ಕೈಯಲ್ಲೇ ಇದೆ ಅಂತ ಗೊತ್ತಾಯಿತು. ಲೇಬಲ್ ಹೋದರೂ ಹಾಡು ಉಳಿಯಿತು. ನಮ್ಮಲ್ಲಿ ಲೇಬಲ್ ಜೊತೆ ಹಾಡೂ ಹೋಯಿತು. ಮಳೆಯಲ್ಲಿ ಆಂಪ್ ಹೊತ್ತದ್ದಕ್ಕೆ ಋಣಿ. ಆದರೆ ಫೋನ್ ತೆಗೆಯದೆ ಇದ್ದದ್ದಕ್ಕೆ ಅದು ಜಮೆ ಆಗುವುದಿಲ್ಲ.

ಬೇಲೂರು ರಸ್ತೆ (ಹಾಸನ)

ನಾನು ವಕೀಲರ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಹಾಡುಗಳು ಹೋದವು ಅಂತ ಇಬ್ಬರೂ ಕೈಚೆಲ್ಲಿದ ಹಾಗಿದೆ, ಅಷ್ಟು ಬೇಗ ಬೇಡ.

ಮೊದಲು ಆ ಎರಡು ಪುಟದ ಕಾಗದ ತೆಗೆದು ಓದಿ. 1957ರ ಕಾಪಿರೈಟ್ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಹಕ್ಕು ಬರೆದುಕೊಡುವುದು ಬರವಣಿಗೆಯಲ್ಲೇ ಇರಬೇಕು, ಕೊಡುವವರ ಅಥವಾ ಅವರ ಪರವಾದವರ ಸಹಿ ಇರಬೇಕು. ಬಾಯಿಮಾತಿಗೆ, ಸುಮ್ನೆ ಫೋನಲ್ಲಿ ಆಯ್ತು ಅಂದದ್ದಕ್ಕೆ ಬೆಲೆ ಇಲ್ಲ. ಎಷ್ಟು ವರ್ಷ ಅಂತ ಬರೆದಿಲ್ಲದಿದ್ದರೆ 5 ವರ್ಷ ಅಂತ ಅರ್ಥ. ಎಲ್ಲೆಲ್ಲಿ ಅಂತ ಬರೆದಿಲ್ಲದಿದ್ದರೆ ಭಾರತಕ್ಕೆ ಮಾತ್ರ. ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದೆ ಬಿಟ್ಟರೆ, ಕಾಗದದಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ, ಅದು ತಾನಾಗಿಯೇ ಬಿದ್ದುಹೋಗುತ್ತದೆ. ಒಪ್ಪಂದ ಆದ ಮೇಲೂ ಯಾವತ್ತೂ ಹೊರಗೆ ಬರದ ಹಾಡುಗಳಿದ್ದರೆ ಇದು ಮುಖ್ಯ.

ಇನ್ನೊಂದು, ರೆಕಾರ್ಡಿಂಗ್‌ನ ಹಕ್ಕು ಯಾರದ್ದು ಅನ್ನುವುದು. ಮುಂದೆ ನಿಂತು, ಜವಾಬ್ದಾರಿ ಹೊತ್ತು ಅದನ್ನು ಮಾಡಿಸಿದವರನ್ನೇ ಕಾನೂನು ನಿರ್ಮಾಪಕ ಅನ್ನುತ್ತದೆ. ಸ್ಟುಡಿಯೋ ಬಿಲ್ ನೀವೇ ಕಟ್ಟಿದ್ದೀರಿ ಅಂದಿರಲ್ಲ, ಆ ಬಿಲ್ ಜೋಪಾನವಾಗಿ ಇಡಿ, ಯುಪಿಐ ಸ್ಕ್ರೀನ್‌ಶಾಟ್ ಆದರೂ ಸರಿ. ಸಾಹಿತ್ಯ ಬರೆದವರು, ರಾಗ ಹಾಕಿದವರ ರಾಯಲ್ಟಿ ಪಾಲನ್ನು 2012ರ ತಿದ್ದುಪಡಿ ಕಾಯುತ್ತದೆ, ಅದನ್ನು ಲೇಬಲ್‌ಗೆ ಬಿಟ್ಟುಕೊಟ್ಟೆ ಅಂತ ಬರೆಸಿಕೊಂಡರೂ ನಡೆಯುವುದಿಲ್ಲ. ನಿಮ್ಮ ಬ್ಯಾಂಡ್‌ನಲ್ಲಿ ಯಾರು ಬರೆಯುತ್ತಾರೋ ಅವರು ಐಪಿಆರ್‌ಎಸ್‌ನ (ಸಾಹಿತ್ಯ ಬರೆದವರು, ರಾಗ ಹಾಕಿದವರ ಪರವಾಗಿ ರಾಯಲ್ಟಿ ವಸೂಲಿ ಮಾಡುವ ಸಂಘ) ಸದಸ್ಯರಾಗಲಿ, ಅದಕ್ಕೆ ಲೇಬಲ್ ಬೇಕಿಲ್ಲ.

ಕಾಗದ ನೋಡಿದ ಮೇಲೆ ಸ್ಪೀಡ್ ಪೋಸ್ಟ್‌ನಲ್ಲಿ ಒಂದು ನೋಟಿಸ್ ಕಳಿಸಿ: ಲೆಕ್ಕ ಕೊಡಿ, ಹಕ್ಕು ಬಿಟ್ಟುಕೊಟ್ಟಿದ್ದೇನೆ ಅಂತ ಸಹಿ ಮಾಡಿಕೊಡಿ. ಜಗಳದ ಧಾಟಿ ಬೇಡ. ಪ್ಯಾಸೆಂಜರ್ ಹೇಳಿದ ಹಾಗೆ ಮನುಷ್ಯ ಒಳ್ಳೆಯವರಾಗಿದ್ದರೆ ಸಹಿ ಹಾಕಿಬಿಡುತ್ತಾರೆ.

ಸಂತೇಪೇಟೆ ಕೇಳುಗ

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್. ಡ್ರಮ್ಮರ್ ಬೈಕ್ ವಿಷಯ ಓದಿ ಸಂಕಟವಾಯಿತು, ನಮಗೆ ಇದ್ಯಾವುದೂ ಗೊತ್ತಿರಲಿಲ್ಲ. ಮುಂಗಡ ಕಟ್ಟಿದ ನಮ್ಮಂಥವರಿಗೂ ಏನಾದರೂ ದಾರಿ ಇದೆಯಾ ಸರ್? ನಾನು ಬಿಡುತ್ತೇನೆ, ಆದರೆ ಪಿಯುಸಿ ಓದುತ್ತಿದ್ದ ಹುಡುಗರೂ ಕಟ್ಟಿದ್ದರು.

ಬೇಲೂರು ರಸ್ತೆ

ಇದೆ. ಮೊದಲು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ದುಡ್ಡು 5 ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ, ಆನ್‌ಲೈನ್‌ನಲ್ಲೂ ದೂರು ಹಾಕಬಹುದು. ತೊಂದರೆ ಶುರುವಾದಾಗಿನಿಂದ 2 ವರ್ಷದೊಳಗೆ ಹಾಕಬೇಕು, ಅದನ್ನು ಮಾತ್ರ ಮರೆಯಬೇಡಿ. ದುಡ್ಡು ಕಟ್ಟಿದ ದಾಖಲೆ ಮತ್ತು ಆ "ಈ ವಾರ ಕಳಿಸ್ತೀವಿ" ಮೆಸೇಜ್‌ಗಳನ್ನು ಅಳಿಸಬೇಡಿ.

ಮೂಡಿಗೆರೆ ಬೇಸ್

ಸರ್, ತುಂಬಾ ಉಪಕಾರ ಆಯಿತು. ಕಾಗದ ಈಗಷ್ಟೇ ತೆಗೆದು ನೋಡಿದೆ, ವರ್ಷ ಎಷ್ಟು ಅಂತ ಎಲ್ಲೂ ಬರೆದಿಲ್ಲ. ನೋಟಿಸ್ ವಿಷಯ ಉಳಿದ ಬ್ಯಾಂಡ್‌ನವರ ಜೊತೆಗೂ ಮಾತಾಡುತ್ತೇನೆ.

ಹಾಡು ಮತ್ತೆ ಹಾಕುವವರಿಗೆ ಒಂದು ವಿಷಯ. ಹೊಸ ಡಿಸ್ಟ್ರಿಬ್ಯೂಟರ್ ಹತ್ತಿರ ಹೋದಾಗ ಹಳೆಯ ಐಎಸ್‌ಆರ್‌ಸಿ ಕೋಡನ್ನೇ ಕೊಡಿ. ಪ್ರತಿ ಹಾಡಿಗೂ 12 ಅಕ್ಷರ, ಅಂಕಿಗಳ ಒಂದು ಕೋಡ್ ಇರುತ್ತದೆ, ರೆಕಾರ್ಡಿಂಗ್ ಕಂಪನಿಗಳ ಅಂತರರಾಷ್ಟ್ರೀಯ ಒಕ್ಕೂಟ ಐಎಫ್‌ಪಿಐನ ಹುಡುಕಾಟದ ಸೈಟ್‌ನಲ್ಲಿ ಹಾಡಿನ ಹೆಸರು ಹಾಕಿದರೆ ಸಾಮಾನ್ಯವಾಗಿ ಸಿಗುತ್ತದೆ. ಅದೇ ಕೋಡ್, ಅದೇ ಆಡಿಯೋ, ಅದೇ ಹೆಸರು ಕೊಟ್ಟರೆ ಹಳೆಯ ಕೇಳಿಕೆಯ ಲೆಕ್ಕವೂ ವಾಪಸ್ ಬರುವ ಸಾಧ್ಯತೆ ಜಾಸ್ತಿ. ಈ ಸಲ ಲಾಗಿನ್ ಬ್ಯಾಂಡಿನ ಹೆಸರಲ್ಲೇ ಇರಲಿ, ಕನಿಷ್ಠ ಇಬ್ಬರಿಗೆ ಪಾಸ್‌ವರ್ಡ್ ಗೊತ್ತಿರಲಿ.

ನಮ್ಮ ಮಾಸ್ಟರ್ ಫೈಲ್‌ಗಳು (ಹಾಡಿನ ಮೂಲ ಪ್ರತಿ) ನಮ್ಮ ಹತ್ತಿರ ಇವೆ. ಆದರೆ ಇನ್ನೆರಡು ಬ್ಯಾಂಡ್‌ಗಳದ್ದು ಲೇಬಲ್‌ನವರ ಹಾರ್ಡ್ ಡಿಸ್ಕ್‌ನಲ್ಲಿ ಮಾತ್ರ ಇತ್ತಂತೆ. ಅವರಲ್ಲಿ ಒಬ್ಬರು ಸ್ಟುಡಿಯೋದವರನ್ನು ಕೇಳಿದ್ದಾರೆ, ಹಳೆ ಸೆಷನ್ ಅಳಿಸಿಬಿಟ್ಟಿದ್ದಾರೆ. ಹಾಗಾಗಿ ಈಗ ಉಳಿದಿರುವುದು ನಿಮ್ಮಂಥವರ ಹತ್ತಿರ ಇರುವ ಆ ಹಸಿರು ಸಿಡಿಗಳೇ. ಬಿಸಿಲಿಗೆ, ತೇವಕ್ಕೆ ಬಿಟ್ಟರೆ ಅವು ಬೇಗ ಹಾಳಾಗುತ್ತವೆ. ಇದ್ದವರು ದಯವಿಟ್ಟು ಕಂಪ್ಯೂಟರ್‌ಗೆ ಇಳಿಸಿ ಇಡಿ, ಎಂಪಿ3 ಬೇಡ, ಧ್ವನಿಯ ಗುಣಮಟ್ಟ ಕಳೆಯದ ವೇವ್ ಅಥವಾ ಫ್ಲ್ಯಾಕ್ ಫೈಲ್ ಆಗಿರಲಿ. ಕೇಳುಗ ಸರ್, ನಿಮ್ಮ ಸಿಡಿಯ ಐದನೇ ಹಾಡು ತಡವರಿಸುತ್ತದೆ ಅಂದಿರಲ್ಲ, ಉಳಿದ ಹಾಡುಗಳು ಸರಿ ಇದ್ದರೆ ಅಷ್ಟನ್ನು ಕಳಿಸಿ. ಆ ಐದನೆಯದು ಚೆನ್ನಾಗಿ ಓಡುವ ಸಿಡಿ ಬೇರೆ ಯಾರ ಹತ್ತಿರವಾದರೂ ಇದ್ದರೆ ಇಲ್ಲೇ ಹೇಳಿ, ಹಾಸನಕ್ಕೆ ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ.