ಸ್ಟಾಪ್ ಮೋಡ್‌ಗೆ ಹೋದ ಎಸ್‌ಟಿಎಂ32 ಕ್ಯಾನ್ ಸಂದೇಶ ಬಂದರೂ ಏಳುತ್ತಿಲ್ಲ

ಕಾರ್‌ತಂತಿ:

ನಮಸ್ಕಾರ. ಕಾರಿನ ಓಬಿಡಿ ಪೋರ್ಟ್‌ಗೆ (ದೋಷ ಪತ್ತೆಗೆ ಇರುವ ಸಾಕೆಟ್) ಒಂದು ಸಣ್ಣ ಲಾಗರ್ ಮಾಡಿದ್ದೇನೆ, ಕ್ಯಾನ್ ಬಸ್ಸಿನ (ಕಾರಿನ ಕಂಟ್ರೋಲರ್‌ಗಳು ಮಾತಾಡುವ ತಂತಿಜೋಡಿ) ಸಂದೇಶ ದಾಖಲಿಸಲು. ಎಸ್‌ಟಿಎಂ32ಎಫ್103 ಮೈಕ್ರೋಕಂಟ್ರೋಲರ್ ಬೋರ್ಡ್, ಜೊತೆಗೆ ಅದನ್ನು ಬಸ್ಸಿನ ತಂತಿಗೆ ಜೋಡಿಸುವ ಎಸ್‌ಎನ್65ಎಚ್‌ವಿಡಿ230 ಟ್ರಾನ್ಸೀವರ್ ಮಾಡ್ಯೂಲ್. ನಮ್ಮ ಕಾರಿನಲ್ಲಿ 6 ಮತ್ತು 14ನೇ ಪಿನ್‌ನಲ್ಲಿ 500 ಕೆಬಿಪಿಎಸ್ ವೇಗದ ಸಂದೇಶಗಳು ಕೇಳದೆಯೇ ಬರುತ್ತವೆ. ಹಾಗಾಗಿ ನಾನು ಏನೂ ಕಳಿಸುವುದಿಲ್ಲ, ಸುಮ್ನೆ ಓದುತ್ತೇನೆ. ಕರೆಂಟ್ 16ನೇ ಪಿನ್‌ನಿಂದ. ಕೀ ತೆಗೆದರೂ ಅಲ್ಲಿ ಬ್ಯಾಟರಿಯ 12 ವೋಲ್ಟ್ ಇದ್ದೇ ಇರುತ್ತದೆ. ಕಾರು ವಾರಗಟ್ಟಲೆ ನಿಂತರೂ ಬ್ಯಾಟರಿ ಇಳಿಯಬಾರದು ಅನ್ನುವುದು ನನ್ನ ಆಸೆ.

ಮೊದಲು ಚಿಪ್ಪಿನೊಳಗಿನ ಕ್ಯಾನ್ ಕಂಟ್ರೋಲರ್‌ನ ಸ್ಲೀಪ್ ಬಿಟ್ ಹಾಕಿದೆ. ಸ್ಲ್ಯಾಕ್ ಬಿಟ್ ಬಂತು, ಅಂದರೆ ಅದು ಮಲಗಿದೆ. ಆದರೆ ಮೀಟರಿನಲ್ಲಿ ಹೆಚ್ಚೇನೂ ಇಳಿಯಲಿಲ್ಲ. ಆಮೇಲೆ ಇಡೀ ಚಿಪ್ಪನ್ನು ಸ್ಟಾಪ್ ಮೋಡ್‌ಗೆ ಕಳಿಸಿದೆ. ಈಗ ಕರೆಂಟ್ ಇಳಿಯಿತು, ಕೀ ತಿರುಗಿಸಿದರೆ ಏಳುವುದೇ ಇಲ್ಲ! ಎಡಬ್ಲ್ಯುಯುಎಂ (ಸಂದೇಶ ಕಂಡರೆ ಕ್ಯಾನ್ ಕಂಟ್ರೋಲರ್ ತಾನೇ ಏಳುವ ಬಿಟ್) ಹಾಕಿದ್ದೇನೆ, ಅದು ಎದ್ದಾಗ ಬರುವ ಡಬ್ಲ್ಯುಕೆಯುಐಇ ಇಂಟರಪ್ಟ್ ಆನ್ ಇದೆ. ರೀಸೆಟ್ ಒತ್ತಿದರೆ ಮಾತ್ರ ಜೀವ ಬರುತ್ತದೆ.

ಬೆಸುಗೆಕಡ್ಡಿ:

ನಿಮ್ಮ ಬೋರ್ಡಿನಲ್ಲಿ ಮಲಗಬೇಕಾದದ್ದು ಮೂರು: ಕ್ಯಾನ್ ಕಂಟ್ರೋಲರ್, ಚಿಪ್, ಟ್ರಾನ್ಸೀವರ್. ಒಂದು ಮಲಗಿತು ಅಂತ ಇನ್ನೊಂದು ಮಲಗುವುದಿಲ್ಲ. ಎಬ್ಬಿಸುವ ದಾರಿಯೂ ಬೇರೆ ಬೇರೆ.

ಸ್ಲೀಪ್ ಬಿಟ್ ನಿಲ್ಲಿಸುವುದು ಕ್ಯಾನ್ ಭಾಗದ ಕ್ಲಾಕ್ ಮಾತ್ರ. ಸಿಪಿಯು 72 ಮೆಗಾಹರ್ಟ್ಸ್‌ನಲ್ಲಿ ಓಡುತ್ತಲೇ ಇದ್ದರೆ ಮೀಟರಿನಲ್ಲಿ ಏನು ಕಾಣಬೇಕು ಹೇಳಿ. ಸ್ಟಾಪ್ ಮೋಡ್‌ನಲ್ಲಿ ಸಿಪಿಯು, ಕ್ಯಾನ್ ಸೇರಿ ಮುಖ್ಯ ಕ್ಲಾಕ್‌ಗಳೆಲ್ಲ ನಿಲ್ಲುತ್ತವೆ. ಆಗ ಎಡಬ್ಲ್ಯುಯುಎಂ ಕೂಡ ಕೆಲಸಕ್ಕೆ ಬರುವುದಿಲ್ಲ. ಸ್ಟಾಪ್‌ನಿಂದ ಎಬ್ಬಿಸುವುದು ಎಕ್ಸ್‌ಟಿಐ ಲೈನ್‌ಗಳು (ಪಿನ್ ಬದಲಾದಾಗ ಇಂಟರಪ್ಟ್ ಕೊಡುವವು), ಕ್ಯಾನ್ ಇಂಟರಪ್ಟ್ ಅಲ್ಲ.

ದಾರಿ ಸುಲಭ ಇದೆ. ಟ್ರಾನ್ಸೀವರ್‌ನಿಂದ ಸಂದೇಶ ಬರುವ ನಿಮ್ಮ ಆರ್‌ಎಕ್ಸ್ ಪಿನ್ ಪಿಎ11 ಅಲ್ವಾ? ಎಫ್103ರಲ್ಲಿ ಅದು ಬರೀ ಇನ್‌ಪುಟ್ ಆಗಿಯೇ ಇರುತ್ತದೆ. ಅದರ ಮೇಲೆಯೇ ಎಕ್ಸ್‌ಟಿಐ 11 ಅನ್ನು ಫಾಲಿಂಗ್ ಎಡ್ಜ್‌ಗೆ ಹಾಕಿ. ಬಸ್ ಸುಮ್ಮನಿದ್ದಾಗ ಆರ್‌ಎಕ್ಸ್ ಮೇಲಿರುತ್ತದೆ, ಸಂದೇಶದ ಮೊದಲ ಬಿಟ್‌ಗೇ ಕೆಳಗೆ ಬೀಳುತ್ತದೆ. ಮಲಗುವ ಮುಂಚೆ ಆ ಲೈನಿನ ಪೆಂಡಿಂಗ್ ಬಿಟ್ (ಹಿಂದೆ ಬಂದ ಅಂಚಿನ ಗುರುತು) ಅಳಿಸಲೇಬೇಕು. ಅದು ಉಳಿದಿದ್ದರೆ ಚಿಪ್ ಸ್ಟಾಪ್‌ಗೆ ಹೋಗುವುದೇ ಇಲ್ಲ. ಎದ್ದ ಮೇಲೆ ಲೈನ್ ಮಾಸ್ಕ್ ಮಾಡಿ (ಅದರ ಇಂಟರಪ್ಟ್ ತಡೆಯಿರಿ), ಇಲ್ಲದಿದ್ದರೆ ಓಡುವ ಬಸ್ಸಿನ ಒಂದೊಂದು ಬೀಳುವ ಅಂಚಿಗೂ ಇಂಟರಪ್ಟ್ ಬರುತ್ತದೆ.

ಎಬ್ಬಿಸಿದ ಸಂದೇಶ ಮಾತ್ರ ನಿಮ್ಮ ಕೈಗೆ ಸಿಗುವುದಿಲ್ಲ. ಕ್ಲಾಕ್ ಕೊಡುವ ಕ್ರಿಸ್ಟಲ್ ಶುರುವಾಗಲು ಸುಮಾರು 2 ಮಿಲಿಸೆಕೆಂಡ್ ಬೇಕು. ಆಮೇಲೆ ಕಂಟ್ರೋಲರ್ ಬಸ್ಸಿಗೆ ಸೇರಲು ಸತತ 11 ರಿಸೆಸಿವ್ ಬಿಟ್ (ಬಸ್ ಸುಮ್ಮನಿರುವ ಸ್ಥಿತಿ) ನೋಡಬೇಕು. 500 ಕೆಬಿಪಿಎಸ್‌ನಲ್ಲಿ ಎಂಟು ಬೈಟಿನ ಒಂದು ಸಂದೇಶಕ್ಕೆ ಕಾಲು ಮಿಲಿಸೆಕೆಂಡ್ ಹಿಡಿಯುತ್ತದೆ, ಅಷ್ಟರಲ್ಲಿ ಹಲವು ದಾಟಿಹೋಗಿರಬಹುದು. ಕಾರಿನಲ್ಲಿ ಅವೇ ಮತ್ತೆ ಮತ್ತೆ ಬರುವುದರಿಂದ ಲಾಗರ್‌ಗೆ ತೊಂದರೆ ಇಲ್ಲ.

ಇನ್ನು ಟ್ರಾನ್ಸೀವರ್. ಇದನ್ನೇ ಜಾಸ್ತಿ ಜನ ಮರೆಯುವುದು. ಎಚ್‌ವಿಡಿ230 ಸುಮ್ಮನೆ ಕೂತಾಗಲೂ 10 ಮಿಲಿಆಂಪ್ ತಿನ್ನುತ್ತದೆ. ತಿಂಗಳಿಗೆ 7 ಆಂಪ್‌-ಅವರ್ ಆಯಿತು. 35 ಆಂಪ್‌-ಅವರ್ ಬ್ಯಾಟರಿಯಲ್ಲಿ ಐದನೇ ಒಂದು ಪಾಲು! ಇದರ ಮೋಡ್ ಆರಿಸುವ ಆರ್‌ಎಸ್ ಪಿನ್ ಮೇಲೆತ್ತಿದರೆ ಸ್ಟ್ಯಾಂಡ್‌ಬೈಗೆ ಹೋಗಿ 370 ಮೈಕ್ರೋಆಂಪ್‌ಗೆ ಇಳಿಯುತ್ತದೆ, ಕೇಳುವುದನ್ನು ನಿಲ್ಲಿಸುವುದಿಲ್ಲ. ಹಲವು ಮಾಡ್ಯೂಲ್‌ಗಳಲ್ಲಿ ಆರ್‌ಎಸ್ ಒಂದು ರೆಸಿಸ್ಟರ್ ಮೂಲಕ ಗ್ರೌಂಡಿಗೆ ಬೆಸೆದಿರುತ್ತದೆ. ಅದನ್ನು ಬಿಚ್ಚಿ ಚಿಪ್ಪಿನ ಒಂದು ಜಿಪಿಐಒ (ಪ್ರೋಗ್ರಾಮಿನಿಂದ ನಡೆಸಬಹುದಾದ ಪಿನ್) ಗೆ ತಂತಿ ಎಳೆಯಿರಿ. ಅಪ್ಪಿತಪ್ಪಿ ಎಚ್‌ವಿಡಿ231 ತರಬೇಡಿ. ಅದು ನ್ಯಾನೋಆಂಪ್‌ಗಳಿಗೆ ಇಳಿಯುತ್ತದೆ ನಿಜ, ಆದರೆ ಕಿವಿಯನ್ನೂ ಮುಚ್ಚಿಕೊಳ್ಳುತ್ತದೆ.

ಹಳೇಮೀಟರ್:

12 ವೋಲ್ಟ್ ಇಳಿಸಲು ಏನು ಹಾಕಿದ್ದೀರಿ? ಎಲ್‌ಎಂ2596 ಮಾಡ್ಯೂಲ್ ಆದರೆ ಅದೊಂದೇ ಸುಮಾರು 5 ಮಿಲಿಆಂಪ್ ತಿನ್ನುತ್ತದೆ. ಸುಮ್ಮನಿದ್ದಾಗ ಕಡಿಮೆ ತಿನ್ನುವ ರೆಗ್ಯುಲೇಟರ್ ಹುಡುಕಿ. ಬೋರ್ಡಿನ ಪವರ್ ಎಲ್‌ಇಡಿಯನ್ನೂ ತೆಗೆದುಬಿಡಿ.

ಕಾರ್‌ತಂತಿ:

ಎಲ್‌ಎಂ2596 ಏ ಇದೆ, ಬದಲಾಯಿಸುತ್ತೇನೆ. ಪಿಎ11ರ ಉಪಾಯ ಕೆಲಸ ಮಾಡಿತು, ಕೀ ತಿರುಗಿಸಿದ ತಕ್ಷಣ ಏಳುತ್ತದೆ. ಆದರೆ ಎದ್ದ ಮೇಲೆ ಒಂದು ಸಂದೇಶವನ್ನೂ ಓದುವುದಿಲ್ಲ. ಎರರ್ ರಿಜಿಸ್ಟರಿನಲ್ಲಿ ಸ್ಟಫ್ ಎರರ್ (ಬಿಟ್‌ಗಳ ಸಾಲು ನಿಯಮ ತಪ್ಪಿದೆ ಎಂಬ ದೋಷ) ತೋರಿಸುತ್ತಿದೆ, ರಿಸೀವ್ ಎರರ್ ಕೌಂಟರ್ ಏರುತ್ತಿದೆ.

ಬೆಸುಗೆಕಡ್ಡಿ:

ದಯವಿಟ್ಟು ಇದನ್ನು ಸರಿಮಾಡುವವರೆಗೆ ಕಾರು ಓಡಿಸುವಾಗ ಲಾಗರ್ ಜೋಡಿಸಬೇಡಿ. ಸ್ಟಾಪ್‌ನಿಂದ ಎದ್ದಾಗ ಎಫ್103 ಒಳಗಿನ 8 ಮೆಗಾಹರ್ಟ್ಸ್ ಎಚ್‌ಎಸ್‌ಐ ಕ್ಲಾಕ್ ಮೇಲೆ ಇರುತ್ತದೆ. ನಿಮ್ಮ ಬಿಟ್ ಟೈಮಿಂಗ್ ಲೆಕ್ಕ ಕ್ಯಾನ್ ಭಾಗಕ್ಕೆ ಸಿಗುವ 36 ಮೆಗಾಹರ್ಟ್ಸ್‌ಗೆ ಹಾಕಿದ್ದು. ಹಾಗಾಗಿ ತಪ್ಪು ವೇಗದಲ್ಲಿ ಓದಿ, ಸರಿಯಾದ ಸಂದೇಶಕ್ಕೂ ಎರರ್ ಫ್ರೇಮ್ (ಸಂದೇಶ ತಪ್ಪಿದೆ ಎಂಬ ಸಂಕೇತ) ಹಾಕಿ ಕೆಡಿಸುತ್ತದೆ. ಅದು ಎಂಜಿನ್ ಮತ್ತು ಬ್ರೇಕಿನ ಕಂಟ್ರೋಲರ್‌ಗಳು ಮಾತಾಡುವ ತಂತಿ ಇರಬಹುದು.

ಎದ್ದ ತಕ್ಷಣ ಕ್ರಿಸ್ಟಲ್ ಮತ್ತು ಪಿಎಲ್‌ಎಲ್ (ಕ್ಲಾಕಿನ ವೇಗ ಏರಿಸುವ ಭಾಗ) ಮತ್ತೆ ಶುರು ಮಾಡಿ. ಕ್ಲಾಕ್ ಸ್ಥಿರವಾದ ಮೇಲಷ್ಟೇ ಆರ್‌ಎಸ್ ಕೆಳಗಿಳಿಸಿ, ಆಮೇಲೆ ಕ್ಯಾನ್‌ನ ಸ್ಲೀಪ್ ಬಿಟ್ ತೆಗೆಯಿರಿ. ಎಡಬ್ಲ್ಯುಯುಎಂ ಆಫ್ ಇರಲಿ, ಇಲ್ಲದಿದ್ದರೆ ಕಂಟ್ರೋಲರ್ ನಿಮಗಿಂತ ಮುಂಚೆ ತಾನೇ ಎದ್ದು ಕೂರುತ್ತದೆ. ಮುಖ್ಯವಾಗಿ, ನೀವು ಬರೀ ಕೇಳುವವರು. ಇನಿಶಿಯಲೈಸೇಶನ್ ಮೋಡ್‌ನಲ್ಲಿರುವಾಗ ಬಿಟಿಆರ್ (ಬಿಟ್ ಟೈಮಿಂಗ್) ರಿಜಿಸ್ಟರಿನ ಸಿಲ್‌ಎಂ (ಸೈಲೆಂಟ್ ಮೋಡ್) ಬಿಟ್ ಹಾಕಿ. ಆಗ ಕ್ಲಾಕ್ ಎಷ್ಟೇ ತಪ್ಪಿದ್ದರೂ ಚಿಪ್ಪಿನಿಂದ ಬಸ್ಸಿಗೆ ಒಂದು ಡಾಮಿನೆಂಟ್ ಬಿಟ್ (ಬೇರೆಯವರ ಸಂದೇಶ ಕೆಡಿಸಬಲ್ಲದ್ದು) ಕೂಡ ಹೋಗುವುದಿಲ್ಲ. ಎದ್ದು ಅರ್ಧ ಸೆಕೆಂಡಾದರೂ ಸರಿಯಾದ ಸಂದೇಶ ಬರದಿದ್ದರೆ ಎಬ್ಬಿಸಿದ್ದು ತಂತಿಯ ನಾಯ್ಸ್ ಅಂದುಕೊಂಡು ಮತ್ತೆ ಮಲಗಿಸಿ.